ಫೈರ್ ಸ್ಟೇಷನ್ನಿನಲ್ಲೇ ಆಂಬುಲೆನ್ಸ್ ಇದ್ದರೆ ಸಾಕೇ? ನಾಲ್ಕು ಪದ್ಧತಿಗಳ ಹೋಲಿಕೆ

ಬೆಂಕಿ ಆರಿಸುವವರು ಮತ್ತು ಆಂಬುಲೆನ್ಸಿನವರು ಒಂದೇ ಠಾಣೆಯಲ್ಲಿ ಇರಲಿ ಅಂದರೆ ಬೇಡ ಅನ್ನುವವರು ಕಡಿಮೆ. ಜಾಗ ಉಳಿಯುತ್ತದೆ, ಕರೆಂಟ್ ಬಿಲ್ ಉಳಿಯುತ್ತದೆ, ಹೆದ್ದಾರಿಯಲ್ಲಿ ಅಪಘಾತ ಆದರೆ ಇಬ್ಬರೂ ಒಟ್ಟಿಗೆ ಹೊರಡುತ್ತಾರೆ. ಕೇಳೋದಕ್ಕೆ ಚೆನ್ನಾಗಿದೆ, ಅಲ್ವಾ? ಆದರೆ ಇಬ್ಬರ ದಿನಚರಿ ನೋಡಿದರೆ ಕಥೆ ಬೇರೆ. ಫೈರ್ ಇಂಜಿನ್ ದಿನದ ಬಹುಪಾಲು ಹೊತ್ತು ಠಾಣೆಯಲ್ಲೇ ನಿಂತಿರುತ್ತದೆ. ನಿಂತಿರಲೂ ಬೇಕು, ಕಾಯುವುದೇ ಅದರ ಕೆಲಸ. ಆಂಬುಲೆನ್ಸ್ ಹಾಗಲ್ಲ. ಒಬ್ಬ ರೋಗಿಯನ್ನು ಆಸ್ಪತ್ರೆಯಲ್ಲಿ ಇಳಿಸಿ ಹೊರಬರುವಷ್ಟರಲ್ಲಿ ಇನ್ನೊಂದು ಕರೆ ಬಂದಿರುತ್ತದೆ. ಊರು ದೊಡ್ಡದಾದಷ್ಟೂ ಅದು ಠಾಣೆಗೆ ಮರಳುವುದು ಅಪರೂಪ.

ಜಪಾನಿನಲ್ಲಿ ಎರಡೂ ಕೆಲಸ ಅಗ್ನಿಶಾಮಕ ಇಲಾಖೆಯದ್ದೇ. 2023ರಲ್ಲಿ ಅಲ್ಲಿ ಆಂಬುಲೆನ್ಸ್ 76 ಲಕ್ಷಕ್ಕೂ ಹೆಚ್ಚು ಬಾರಿ ಹೊರಟಿತು. ಅದೇ ವರ್ಷ ಬೆಂಕಿ ಬಿದ್ದದ್ದು ಸುಮಾರು 38 ಸಾವಿರ ಕಡೆ. ಅಂದರೆ ಒಂದು ಬೆಂಕಿಗೆ ಹತ್ತಿರ ಹತ್ತಿರ 200 ಆಂಬುಲೆನ್ಸ್ ಓಡಾಟ. ಇಷ್ಟು ವ್ಯತ್ಯಾಸ ಇರುವ ಎರಡು ಕೆಲಸಗಳನ್ನು ಒಂದೇ ಸೂರಿನಡಿ ತಂದ ಮಾತ್ರಕ್ಕೆ ಅವು ಒಂದಾಗಿಬಿಡುವುದಿಲ್ಲ.

ಹಾಗಾಗಿ ಕಟ್ಟಡದ ಮಾತು ಸ್ವಲ್ಪ ಪಕ್ಕಕ್ಕಿಡಿ. ಈ ಎರಡು ಸೇವೆಗಳು ಹಂಚಿಕೊಳ್ಳಬಹುದಾದ ಸಂಗತಿಗಳು ನಾಲ್ಕು: ಬರುವ ಕರೆ, ಸಿಬ್ಬಂದಿಯ ತರಬೇತಿ, ತಲೆಯ ಮೇಲಿನ ಸೂರು, ಸಂಬಳ ಕೊಡುವ ಇಲಾಖೆ. ಒಂದೊಂದು ದೇಶ ಇದರಲ್ಲಿ ಒಂದೊಂದನ್ನು ಹಂಚಿಕೊಂಡಿದೆ, ಒಂದೊಂದನ್ನು ಬಿಟ್ಟಿದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇವನ್ನು ಬರೆದಿರುವ ಸಾಲಿನಲ್ಲೇ ಹಂಚಿಕೊಳ್ಳುತ್ತಾ ಹೋಗುವುದು ಒಳ್ಳೆಯದು. ನಮ್ಮಲ್ಲಿ ಚರ್ಚೆ ಯಾವಾಗಲೂ ಮೂರನೆಯದರಿಂದ, ಅಂದರೆ ಕಟ್ಟಡದಿಂದ ಶುರುವಾಗುತ್ತದೆ. ಉದ್ಘಾಟನೆಗೆ ಕಟ್ಟಡ ಸಿಗುತ್ತದೆ, ಫೋನ್ ಲೈನಿಗೆ ಟೇಪು ಕತ್ತರಿಸೋದು ಕಷ್ಟ.

ಒಬ್ಬರೇ ಮನುಷ್ಯರು, ಎರಡೂ ಕೆಲಸ

ಇದು ಅತಿ ಹತ್ತಿರದ ಕೂಡಿಕೆ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಫೈರ್ ಬ್ರಿಗೇಡ್ 1898ರಿಂದಲೂ ಆಂಬುಲೆನ್ಸ್ ನಡೆಸುತ್ತಿದೆ. ಅಲ್ಲಿನ ಫೈರ್‌ಮನ್ ಪ್ಯಾರಾಮೆಡಿಕ್ ಕೂಡ, ಅಂದರೆ ತುರ್ತು ಚಿಕಿತ್ಸೆ ಕಲಿತ ಆಂಬುಲೆನ್ಸ್ ಸಿಬ್ಬಂದಿಯೂ ಆಗಿರುತ್ತಾನೆ. ಒಂದು ಶಿಫ್ಟ್ ಫೈರ್ ಇಂಜಿನ್ ಮೇಲೆ, ಇನ್ನೊಂದು ಶಿಫ್ಟ್ ಆಂಬುಲೆನ್ಸಿನಲ್ಲಿ. ಇದರ ಲಾಭ ಏನು ಅಂದರೆ, ಆಂಬುಲೆನ್ಸ್ ದೂರ ಇದ್ದಾಗ ಹತ್ತಿರದ ಠಾಣೆಯಿಂದ ಫೈರ್ ಇಂಜಿನ್ ಹೊರಡುತ್ತದೆ. ಅದರಲ್ಲಿ ಕೂತವರು ಸುಮ್ನೆ ಕೈಕಟ್ಟಿ ನಿಲ್ಲುವವರಲ್ಲ. ಉಸಿರಾಟ ನೋಡಬಲ್ಲರು, ರಕ್ತ ನಿಲ್ಲಿಸಬಲ್ಲರು, ನಿಂತ ಹೃದಯಕ್ಕೆ ಶಾಕ್ ಕೊಡಬಲ್ಲರು. ಆಮೇಲೆ ಬರುವ ಆಂಬುಲೆನ್ಸಿನಲ್ಲೂ ಅವರದ್ದೇ ಸಹೋದ್ಯೋಗಿಗಳು. ರೋಗಿಯನ್ನು ಒಪ್ಪಿಸುವಾಗ ಪರಿಚಯದ ಮಾತು ಬೇಕಾಗುವುದಿಲ್ಲ.

ತೊಡಕು ಎಲ್ಲಿ ಅಂದರೆ, ಅದೇ ಡಬ್ಲಿನ್‌ನಲ್ಲಿ ಆರೋಗ್ಯ ಇಲಾಖೆಯ ರಾಷ್ಟ್ರೀಯ ಆಂಬುಲೆನ್ಸ್ ಸೇವೆಯೂ ಓಡುತ್ತದೆ. ಎರಡಕ್ಕೂ ಬೇರೆ ಬೇರೆ ಕಂಟ್ರೋಲ್ ರೂಮ್. ಐರ್ಲೆಂಡಿನ ಆರೋಗ್ಯ ಗುಣಮಟ್ಟ ಪ್ರಾಧಿಕಾರ 2014ರಲ್ಲಿ ಎರಡನ್ನೂ ಪರಿಶೀಲಿಸಿ, ಇವುಗಳ ನಡುವೆ ಹೊಂದಾಣಿಕೆ ಸಾಲದು ಎಂದಿತು. ಫೈರ್‌ಮನ್ ಮತ್ತು ಪ್ಯಾರಾಮೆಡಿಕ್ ಒಬ್ಬನೇ ಆಗಿದ್ದರೂ, ಒಂದೇ ಊರಿನ ಎರಡು ಆಂಬುಲೆನ್ಸ್‌ಗಳ ನಡುವೆ ಗೋಡೆ ಉಳಿಯಿತು. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ ಹಾಗೆ.

ಅಮೆರಿಕದ ಸಿಯಾಟಲ್ ಇದೇ ಪದ್ಧತಿಯ ಇನ್ನೊಂದು ರೂಪ, ಮತ್ತು ನನಗೆ ಅತಿ ಹೆಚ್ಚು ಮೆಚ್ಚುಗೆಯಾಗಿರುವುದು. ಹಾರ್ಬರ್‌ವ್ಯೂ ಆಸ್ಪತ್ರೆಯ ಹೃದಯ ವೈದ್ಯ ಲಿಯೊನಾರ್ಡ್ ಕಾಬ್ ಮತ್ತು ಅಗ್ನಿಶಾಮಕ ಮುಖ್ಯಸ್ಥ ಗಾರ್ಡನ್ ವಿಕರಿ ಸೇರಿ 1970ರಲ್ಲಿ ಮೆಡಿಕ್ ಒನ್ ಶುರು ಮಾಡಿದರು. ಇದಕ್ಕೆ ಪ್ರೇರಣೆ ಬೆಲ್‌ಫಾಸ್ಟ್‌ನಿಂದ ಬಂತು. ಅಲ್ಲಿ ಡಾಕ್ಟರ್ ಫ್ರಾಂಕ್ ಪ್ಯಾಂಟ್ರಿಡ್ಜ್ ಹೃದಯಾಘಾತದ ರೋಗಿಯ ಮನೆಗೇ ಯಂತ್ರ ಒಯ್ದು ಶಾಕ್ ಕೊಡಬಹುದು ಎಂದು ತೋರಿಸಿದ್ದರು. ಸಿಯಾಟಲ್‌ನವರ ಮೊದಲ ಗಾಡಿ ಒಂದು ದೊಡ್ಡ ವಿನೆಬೆಗೊ ವ್ಯಾನ್. ಗಜಗಾತ್ರದ ಅದಕ್ಕೆ ಸಿಬ್ಬಂದಿ ಇಟ್ಟ ಅಡ್ಡಹೆಸರು ಮೋಬಿ ಪಿಗ್.

ಅಲ್ಲಿನ ವ್ಯವಸ್ಥೆ ಎರಡು ಹಂತದ್ದು. ಪ್ರತಿ ಫೈರ್‌ಮನ್‌ಗೂ ತುರ್ತು ಚಿಕಿತ್ಸೆಯ ಮೂಲ ತರಬೇತಿ ಇರುತ್ತದೆ. ಹತ್ತಿರದ ಇಂಜಿನ್ ಮೊದಲು ತಲುಪಿ ಎದೆ ಒತ್ತಲು ಶುರುಮಾಡುತ್ತದೆ. ಹಿಂದೆಯೇ ಪ್ಯಾರಾಮೆಡಿಕ್‌ಗಳ ಗಾಡಿ ಬರುತ್ತದೆ. ಇವರೂ ಅಗ್ನಿಶಾಮಕ ಇಲಾಖೆಯವರೇ, ಆದರೆ ಆಸ್ಪತ್ರೆ ಮತ್ತು ವಿಶ್ವವಿದ್ಯಾಲಯದಲ್ಲಿ ತಿಂಗಳುಗಟ್ಟಲೆ ಕಲಿತವರು. ಹೃದಯ ನಿಂತಾಗ ಎದೆ ಒತ್ತುವವರು ಇಲ್ಲದಿದ್ದರೆ, ಬದುಕುವ ಅವಕಾಶ ಪ್ರತಿ ನಿಮಿಷಕ್ಕೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ಹಾಗಾಗಿ ಹತ್ತಿರ ಯಾರಿದ್ದಾರೋ ಅವರು ಮೊದಲು ಹೋಗಬೇಕು ಎನ್ನುವುದು ಇಡೀ ಲೆಕ್ಕಾಚಾರ. ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ, ಯಾರಾದರೂ ನೋಡುತ್ತಿರುವಾಗಲೇ ಕುಸಿದು, ಶಾಕ್ ಕೊಟ್ಟರೆ ಸರಿಯಾಗುವ ಲಯದಲ್ಲಿ ಹೃದಯ ನಿಂತವರ ಪೈಕಿ ಕೆಲವು ವರ್ಷ ಅರ್ಧಕ್ಕಿಂತ ಜಾಸ್ತಿ ಜನ ಬದುಕಿ ಮನೆಗೆ ಹೋಗಿದ್ದಾರೆ.

ಆದರೆ ಬೆನ್ನೆಲುಬು ಯಾವುದು ಗಮನಿಸಿ. ಒಂದು ದೊಡ್ಡ ಆಸ್ಪತ್ರೆ, ಅಲ್ಲಿನ ವೈದ್ಯರ ಹಿಡಿತ, ಪ್ರತಿ ಪ್ರಕರಣವನ್ನೂ ಮತ್ತೆ ಕೂತು ನೋಡುವ ಅಭ್ಯಾಸ, ಜೊತೆಗೆ ಇದಕ್ಕೆಂದೇ ಜನ ಮತ ಹಾಕಿ ಒಪ್ಪಿಕೊಂಡ ತೆರಿಗೆ. ಇದೆಲ್ಲ ಇಲ್ಲದೆ ಫೈರ್‌ಮನ್ ಕೈಗೆ ಸ್ಟೆತಸ್ಕೋಪ್ ಕೊಟ್ಟರೆ ಸಿಯಾಟಲ್ ಆಗುವುದಿಲ್ಲ.

ಇದು ಯಾರಿಗೆ ಹೊಂದುತ್ತದೆ? ಬೆಂಕಿ ಕಡಿಮೆ, ಠಾಣೆ ಜಾಸ್ತಿ, ಸಿಬ್ಬಂದಿ ಭರ್ತಿ ಇರುವ ಊರಿಗೆ. ಖಾಲಿ ಹುದ್ದೆಗಳ ನಡುವೆ ಹೇಗೋ ಶಿಫ್ಟ್ ಹೊಂದಿಸುತ್ತಿರುವ ಠಾಣೆಗೆ ಇದನ್ನು ಹೇರಿದರೆ ಎರಡೂ ಕೆಲಸ ಕೆಡುತ್ತದೆ.

ಇಲಾಖೆ ಒಂದು, ಪಡೆ ಎರಡು

ಜಪಾನ್, ಸಿಂಗಪುರ, ನ್ಯೂಯಾರ್ಕ್ ಈ ಗುಂಪಿಗೆ ಸೇರುತ್ತವೆ. ಸಂಬಳ ಕೊಡುವ ಇಲಾಖೆ ಒಂದೇ. ಆಂಬುಲೆನ್ಸಿನವರು ಹೆಚ್ಚಾಗಿ ಆಂಬುಲೆನ್ಸಿನಲ್ಲೇ ಇರುತ್ತಾರೆ, ಇಂಜಿನ್‌ನವರು ಇಂಜಿನ್‌ನಲ್ಲೇ ಇರುತ್ತಾರೆ.

ಜಪಾನಿನಲ್ಲಿ 1963ರ ಕಾನೂನು ತಿದ್ದುಪಡಿ ಆಂಬುಲೆನ್ಸ್ ಕೆಲಸವನ್ನು ಅಗ್ನಿಶಾಮಕ ಇಲಾಖೆಯ ಕರ್ತವ್ಯ ಮಾಡಿತು. ಬೆಂಕಿಗೂ 119, ಎದೆನೋವಿಗೂ 119. ಆಂಬುಲೆನ್ಸಿನಲ್ಲಿ ಸಾಮಾನ್ಯವಾಗಿ ಮೂವರು ಇರುತ್ತಾರೆ, ದುಡ್ಡು ಕೇಳುವುದಿಲ್ಲ. ಈಗ ಒಂದು ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ಅಜ್ಜ ಕುಸಿದು ಬಿದ್ದರು, ಲಿಫ್ಟ್ ಚಿಕ್ಕದು ಅಂತ ಇಟ್ಟುಕೊಳ್ಳಿ. ಒಬ್ಬರು ಎದೆ ಒತ್ತಬೇಕು, ಒಬ್ಬರು ಉಸಿರು ಕೊಡಬೇಕು, ಒಬ್ಬರು ಯಂತ್ರ ನೋಡಬೇಕು. ಸ್ಟ್ರೆಚರ್ ಇಳಿಸುವವರು ಯಾರು? ಅದಕ್ಕೇ ಇಂಥ ಕರೆಗೆ ಆಂಬುಲೆನ್ಸ್ ಜೊತೆ ನೀರಿನ ಪಂಪ್ ಇರುವ ಇಂಜಿನ್ ಕೂಡ ಹೊರಡುತ್ತದೆ. ಆಂಬುಲೆನ್ಸ್ ದೂರದಲ್ಲಿದ್ದರೆ ಇಂಜಿನ್ ಮೊದಲೇ ಬಂದು ನಿಲ್ಲುತ್ತದೆ. ಬೆಂಕಿ ಎಲ್ಲಿ ಅಂತ ಅಕ್ಕಪಕ್ಕದವರು ಬಾಲ್ಕನಿಗೆ ಬಂದು ನೋಡುತ್ತಾರೆ. ಬೆಂಕಿ ಇಲ್ಲದಿದ್ದರೂ ಇಂಜಿನ್ ಯಾಕೆ ಬಂತು ಎಂದು ಅಲ್ಲಿನ ಇಲಾಖೆಗಳು ಜನರಿಗೆ ವಿವರಿಸುತ್ತಲೇ ಇರುತ್ತವೆ.

ಜಪಾನಿನ ಈಗಿನ ತಲೆನೋವು ಬೇರೆ. ವಯಸ್ಸಾದವರು ಜಾಸ್ತಿ, ಪುಕ್ಕಟೆ ಸೇವೆ, ಸಣ್ಣಪುಟ್ಟದಕ್ಕೂ 119. ಆಂಬುಲೆನ್ಸ್ ತಲುಪುವ ಸರಾಸರಿ ಹೊತ್ತು ಈಚಿನ ವರ್ಷಗಳಲ್ಲಿ 10 ನಿಮಿಷದ ಆಸುಪಾಸಿಗೆ ಬಂದಿದೆ. ಆಂಬುಲೆನ್ಸ್ ಬೇಕೋ ಬೇಡವೋ ಎಂದು ಮೊದಲೇ ಕೇಳಿ ತಿಳಿಯಲು ಟೋಕಿಯೋ 2007ರಲ್ಲಿ #7119 ಎಂಬ ಸಲಹಾ ಲೈನ್ ತೆರೆಯಿತು. ಮಿಯೆ ಪ್ರಾಂತ್ಯದ ಮತ್ಸುಸಾಕಾ ಊರಿನ ಮೂರು ಆಸ್ಪತ್ರೆಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. 2024ರ ಜೂನ್‌ನಿಂದ, ಆಂಬುಲೆನ್ಸಿನಲ್ಲಿ ಬಂದರೂ ದಾಖಲಾಗುವಷ್ಟು ಕಾಯಿಲೆ ಇಲ್ಲದವರಿಂದ 7,700 ಯೆನ್ ತೆಗೆದುಕೊಳ್ಳಲು ಶುರುಮಾಡಿದವು.

ಸಿಂಗಪುರ ಇದನ್ನು ಮೊದಲೇ ಯೋಚಿಸಿ ಇಟ್ಟಂತಿದೆ. ಅಲ್ಲಿ ನಾಗರಿಕ ರಕ್ಷಣಾ ಪಡೆಯೇ ಬೆಂಕಿಗೂ ಆಂಬುಲೆನ್ಸಿಗೂ ಹೊಣೆ. ಎರಡಕ್ಕೂ 995. ತುರ್ತು ಅಲ್ಲದಿದ್ದರೆ 1777ಕ್ಕೆ ಕರೆ ಮಾಡಿ ಖಾಸಗಿ ಆಂಬುಲೆನ್ಸ್ ತರಿಸಿಕೊಳ್ಳಬೇಕು. ತುರ್ತು ಅಲ್ಲದ್ದಕ್ಕೆ 995 ಗಾಡಿ ಹತ್ತಿದರೆ 274 ಸಿಂಗಪುರ ಡಾಲರ್ ಬಿಲ್ ಬರುತ್ತದೆ. ಅಲ್ಲಿರುವ ಕನ್ನಡಿಗರು ಇದನ್ನು ಗೊತ್ತುಮಾಡಿಕೊಂಡಿರುವುದು ಒಳ್ಳೆಯದು. ಊರಿಂದ ಬಂದ ಅಪ್ಪ ಅಮ್ಮನಿಗೆ ಜ್ವರ ಬಂದಾಗ ಗಾಬರಿಯಲ್ಲಿ ಕೈ 995ಕ್ಕೇ ಹೋಗುತ್ತದೆ. ಅಲ್ಲಿ ಎಇಡಿ, ಅಂದರೆ ನಿಂತ ಹೃದಯಕ್ಕೆ ಶಾಕ್ ಕೊಡುವ ಪುಟ್ಟ ಯಂತ್ರ ಹೊತ್ತ ಬೈಕುಗಳೂ ಠಾಣೆಯಿಂದ ಹೊರಡುತ್ತವೆ. 2015ರಲ್ಲಿ ಬಂದ ಮೈರೆಸ್ಪಾಂಡರ್ ಆ್ಯಪ್, ಪಕ್ಕದಲ್ಲಿ ಯಾರಿಗಾದರೂ ಹೃದಯ ನಿಂತರೆ ಸುತ್ತಲಿನ ಸ್ವಯಂಸೇವಕರಿಗೆ ಸಂದೇಶ ಕಳಿಸುತ್ತದೆ. ಈ ಗುಂಪಿನಲ್ಲಿ ಅಚ್ಚುಕಟ್ಟು ಅಂದರೆ ಸಿಂಗಪುರವೇ. ಆದರೆ ಅದು ಒಂದು ಊರಿನ ದೇಶ ಎನ್ನುವುದನ್ನು ಮರೆಯಬಾರದು. ಅಲ್ಲಿಂದ ಪಾಠ ತೆಗೆದು ಬಳ್ಳಾರಿ ಜಿಲ್ಲೆಗೆ ಅಳವಡಿಸಲು ಹೊರಡುವವರು ಮೊದಲು ನಕ್ಷೆ ನೋಡಲಿ.

ನ್ಯೂಯಾರ್ಕಿನದ್ದು ಎಚ್ಚರಿಕೆಯ ಕಥೆ. 1996ರ ಮಾರ್ಚ್ 17ರಂದು ನಗರದ ಆಸ್ಪತ್ರೆ ನಿಗಮದ ಕೆಳಗಿದ್ದ ಆಂಬುಲೆನ್ಸ್ ಸೇವೆಯನ್ನು ಅಗ್ನಿಶಾಮಕ ಇಲಾಖೆಗೆ ಸೇರಿಸಿದರು. ಜೀವಕ್ಕೆ ಅಪಾಯ ಇರುವ ಕರೆಗಳಿಗೆ ಎಇಡಿ ಹಿಡಿದ ಇಂಜಿನ್ ಸಿಬ್ಬಂದಿ ಹೋಗುವುದು ಇದರ ಒಳ್ಳೆಯ ಫಲ. ಆದರೆ ಸಂಬಳ ಒಂದಾಗಲಿಲ್ಲ. ಫೈರ್‌ಮನ್‌ಗೆ ಹೋಲಿಸಿದರೆ ಆಂಬುಲೆನ್ಸ್ ಸಿಬ್ಬಂದಿಯ ಸಂಬಳ ತೀರಾ ಕಡಿಮೆ, ಆ ಜಗಳ ಇವತ್ತಿಗೂ ಮುಗಿದಿಲ್ಲ. ಫಲ ಏನಾಯಿತು? ಒಳಗಿನ ಪರೀಕ್ಷೆ ಬರೆದು ಫೈರ್‌ಮನ್ ಆಗುವುದೇ ಆಂಬುಲೆನ್ಸಿನವರಿಗೆ ಬಡ್ತಿ ಎನಿಸಿತು. ಕಲಿತ ಕೈಗಳು ಆಂಬುಲೆನ್ಸ್ ಬಿಟ್ಟು ಇಂಜಿನ್ ಹತ್ತುತ್ತವೆ, ಆಂಬುಲೆನ್ಸಿಗೆ ಮತ್ತೆ ಹೊಸಬರು. ಜಾಸ್ತಿ ಕರೆಗೆ ಓಡುವವರಿಗೆ ಕಡಿಮೆ ಸಂಬಳ ಕೊಟ್ಟರೆ ಬೇರೇನಾಗುತ್ತದೆ? ಇಲಾಖೆ ಒಂದುಗೂಡಿಸುವ ಯೋಚನೆ ಇರುವವರು ಮೊದಲು ವೇತನ ಶ್ರೇಣಿಯ ಕಾಗದ ಮೇಜಿನ ಮೇಲಿಡಬೇಕು, ಲಾಂಛನ ಆಮೇಲೆ.

ಇಲಾಖೆ ಎರಡು, ಸೂರು ಒಂದು

ನಮ್ಮಲ್ಲಿ ಹೆಚ್ಚು ಮಾತಾಗುವ ಪದ್ಧತಿ ಇದು. ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದ್ದು ಇಂಗ್ಲೆಂಡ್. ಅಲ್ಲಿ ಆಂಬುಲೆನ್ಸ್ 1974ರಲ್ಲಿ ಸ್ಥಳೀಯ ಆಡಳಿತದಿಂದ ರಾಷ್ಟ್ರೀಯ ಆರೋಗ್ಯ ಸೇವೆಗೆ ಹೋಯಿತು. ಫೈರ್ ಸೇವೆ ಸ್ಥಳೀಯರ ಕೈಯಲ್ಲೇ ಉಳಿಯಿತು. ಹೀಗಾಗಿ ಯಜಮಾನರು ಇಬ್ಬರು, ಗಡಿಗಳೂ ಬೇರೆ ಬೇರೆ. 2017ರ ಕಾನೂನು ಪೊಲೀಸ್, ಫೈರ್, ಆಂಬುಲೆನ್ಸ್ ಮೂವರೂ ಕೂಡಿ ಕೆಲಸ ಮಾಡುವ ಅವಕಾಶಗಳನ್ನು ಪರಿಶೀಲಿಸಲೇಬೇಕು ಎಂದಿತು. ಲಿಂಕನ್ ನಗರದ ಸೌತ್ ಪಾರ್ಕಿನಲ್ಲಿ 2019ರಲ್ಲಿ ಮೂರಕ್ಕೂ ಸೇರಿ ಒಂದು ಠಾಣೆ ತೆರೆದರು.

ಅಲ್ಲಿ ಚೆನ್ನಾಗಿ ನಡೆದಿರುವುದು ಭವ್ಯ ಕಟ್ಟಡಗಳಿಗಿಂತ ಸಣ್ಣ ಏರ್ಪಾಟುಗಳು. ಆಂಬುಲೆನ್ಸಿಗೆ ಒಂದು ದೊಡ್ಡ ಕೇಂದ್ರ ಇರುತ್ತದೆ. ಅಲ್ಲಿ ಬೇರೆ ಸಿಬ್ಬಂದಿ ಗಾಡಿ ತೊಳೆದು, ಔಷಧಿ ತುಂಬಿ, ಆಕ್ಸಿಜನ್ ಸಿಲಿಂಡರ್ ಬದಲಿಸಿ ಸಿದ್ಧ ಮಾಡಿಡುತ್ತಾರೆ. ಶಿಫ್ಟ್ ಶುರುವಾಗುವುದೂ ಮುಗಿಯುವುದೂ ಅಲ್ಲೇ. ನಡುವಿನ ಹೊತ್ತು ಕಾಯಲಿಕ್ಕೆ ಮಾತ್ರ ಸುತ್ತಲಿನ ಫೈರ್ ಸ್ಟೇಷನ್ನುಗಳಲ್ಲಿ ಒಂದು ಕೋಣೆ, ಒಂದು ಟಾಯ್ಲೆಟ್, ಒಂದು ಚಹಾ ಕೆಟಲ್, ಗಾಡಿ ನಿಲ್ಲಿಸಲು ಜಾಗ. ಅಷ್ಟೇ. ಇದು ಅಗ್ಗ, ಇದರಲ್ಲಿ ಜಗಳ ಕಡಿಮೆ. ಆಂಬುಲೆನ್ಸ್ ಠಾಣೆಯಲ್ಲಿ ನಿಲ್ಲುವುದಿಲ್ಲ ಎಂಬ ಸತ್ಯವನ್ನು ಒಪ್ಪಿಕೊಂಡು ಮಾಡಿದ ಏರ್ಪಾಟು ಅದು.

ಫೈರ್‌ಮನ್‌ಗಳನ್ನು ವೈದ್ಯಕೀಯ ಕರೆಗೆ ಕಳಿಸುವುದನ್ನೂ ಇಂಗ್ಲೆಂಡ್ ಪ್ರಯತ್ನಿಸಿದೆ. ಲಿಂಕನ್‌ಶೈರ್‌ನಲ್ಲಿ 2014ರಿಂದ ಕೆಲವು ಹಳ್ಳಿ ಠಾಣೆಗಳ ಅರೆಕಾಲಿಕ ಫೈರ್‌ಮನ್‌ಗಳು ಆಂಬುಲೆನ್ಸ್ ಓಡಿಸಿ ರೋಗಿಗಳನ್ನು ಆಸ್ಪತ್ರೆಗೂ ಸೇರಿಸಿದರು. 2015ರಿಂದ ದೇಶದ ಹಲವು ಕಡೆ ಪ್ರಯೋಗ ನಡೆಯಿತು. 2017ರ ಸೆಪ್ಟೆಂಬರ್‌ನಲ್ಲಿ ಸಂಬಳದ ಮಾತುಕತೆ ಮುರಿದುಬಿದ್ದು, ಯೂನಿಯನ್ ಹಿಂದೆ ಸರಿಯಿತು, ಬಹುತೇಕ ಕಡೆ ಪ್ರಯೋಗ ನಿಂತಿತು. ಹೊಸ ಕೆಲಸ ಕೊಡುತ್ತೀರಿ, ಅದಕ್ಕೆ ದುಡ್ಡೆಷ್ಟು? ಅವರ ಪ್ರಶ್ನೆ ನ್ಯಾಯವಾದದ್ದೇ.

ಈ ಪದ್ಧತಿಯ ಮಿತಿ ಏನು ಅನ್ನುವುದಕ್ಕೆ ಮ್ಯಾಂಚೆಸ್ಟರ್ ನೋಡಬೇಕು. 2017ರ ಮೇ 22ರ ರಾತ್ರಿ ಅಲ್ಲಿನ ಅರೇನಾದಲ್ಲಿ ಸಂಗೀತ ಕಾರ್ಯಕ್ರಮ ಮುಗಿದು ಜನ ಹೊರಬರುವಾಗ ಬಾಂಬ್ ಸ್ಫೋಟಿಸಿತು. 22 ಜನ ಸತ್ತರು. ಹತ್ತಿರದ ಫೈರ್ ಸ್ಟೇಷನ್ ಇದ್ದದ್ದು ಅರ್ಧ ಮೈಲಿ ದೂರದಲ್ಲಿ. ಸ್ಫೋಟದ ಸದ್ದು ಅಲ್ಲಿಗೂ ಕೇಳಿಸಿತ್ತು. ಆದರೂ ಫೈರ್ ಸಿಬ್ಬಂದಿ ಸ್ಥಳಕ್ಕೆ ಬಂದದ್ದು 2 ಗಂಟೆ 6 ನಿಮಿಷದ ಮೇಲೆ. ಬಂದೂಕುಧಾರಿ ಇನ್ನೂ ಅಲ್ಲೇ ಓಡಾಡುತ್ತಿರಬಹುದು ಎಂಬ ಅನುಮಾನ ಇತ್ತು. ಕರ್ತವ್ಯದಲ್ಲಿದ್ದ ಫೈರ್ ಅಧಿಕಾರಿಗೆ ಪೊಲೀಸ್ ಕಂಟ್ರೋಲಿನ ಲೈನ್ ಸಿಗಲಿಲ್ಲ. ಗಾಡಿಗಳನ್ನು ಮೂರು ಮೈಲಿ ದೂರದ ಇನ್ನೊಂದು ಠಾಣೆಯಲ್ಲಿ ಸೇರಿಸಿ ಕಾಯಿಸಿದರು. ಈ ಕಡೆ ಅರೇನಾದಲ್ಲಿ ಸ್ಟ್ರೆಚರ್ ಸಾಲದೆ ಗಾಯಾಳುಗಳನ್ನು ಬ್ಯಾರಿಕೇಡ್, ಜಾಹೀರಾತು ಫಲಕಗಳ ಮೇಲೆ ಮಲಗಿಸಿ ಹೊರಗೆ ಸಾಗಿಸುತ್ತಿದ್ದರು. ಜನರನ್ನು ಎತ್ತಿ ಸಾಗಿಸುವ ಕೈಗಳು, ಅದಕ್ಕೆ ಬೇಕಾದ ಸಲಕರಣೆ ಎರಡೂ ಇದ್ದವರು ಮೂರು ಮೈಲಿ ಆಚೆ ಆದೇಶಕ್ಕೆ ಕಾಯುತ್ತಿದ್ದರು. 2018ರ ಕರ್ಸ್‌ಲೇಕ್ ವರದಿ, ಮತ್ತೆ 2022ರಲ್ಲಿ ಜಾನ್ ಸಾಂಡರ್ಸ್ ವಿಚಾರಣಾ ವರದಿ ಇದನ್ನು ನಿಮಿಷ ನಿಮಿಷ ಬಿಡಿಸಿ ಬರೆದಿವೆ.

ಇಲ್ಲಿ ಕಸಿವಿಸಿ ಆಗುವ ಸಂಗತಿ ಏನೆಂದರೆ, ಇಂಥದ್ದು ಆಗದಿರಲಿ ಎಂದೇ 2012ರಲ್ಲಿ ಮೂರೂ ಸೇವೆಗಳಿಗೆ ಸೇರಿ ಜೆಸಿಪ್ ಎಂಬ ಕಾರ್ಯಕ್ರಮ ಶುರುವಾಗಿತ್ತು. ಅದರ ಮೊದಲ ನಿಯಮ: ಒಂದೇ ಕಡೆ ಸೇರಿ. ಅಲ್ಲಿ ಹೇಳುವುದು ಠಾಣೆಯ ಬಗ್ಗೆ ಅಲ್ಲ. ಘಟನೆಯ ಜಾಗದಲ್ಲಿ ಮೂರೂ ಸೇವೆಗಳ ಅಧಿಕಾರಿಗಳು ಒಂದೇ ಕಡೆ ನಿಂತು, ಮುಖ ನೋಡಿ ಮಾತಾಡಿ ನಿರ್ಧಾರ ಮಾಡಬೇಕು ಅಂತ. ನಿಯಮ ಪುಸ್ತಕದಲ್ಲಿತ್ತು, ಆ ರಾತ್ರಿ ಕೈಗೆ ಬರಲಿಲ್ಲ.

ಸೂರು ಬೇರೆ, ಕರೆ ಒಂದು

ಇದನ್ನು ಚಿಕ್ಕದಾಗಿ ಹೇಳುತ್ತೇನೆ. ಹೇಳಲು ಕಡಿಮೆ ಇದ್ದರೂ ಮಾಡಲು ಯೋಗ್ಯವಾದದ್ದು ಇದು. ಜರ್ಮನಿಯಲ್ಲಿ ಬೆಂಕಿಗೂ ಆಂಬುಲೆನ್ಸಿಗೂ 112. ಬವೇರಿಯಾ ಥರದ ರಾಜ್ಯಗಳಲ್ಲಿ ಎರಡನ್ನೂ ಒಂದೇ ಕಂಟ್ರೋಲ್ ರೂಮ್ ಕಳಿಸುತ್ತದೆ. ಆಂಬುಲೆನ್ಸ್ ರೆಡ್ ಕ್ರಾಸ್‌ನದ್ದಿರಬಹುದು, ಬೇರೆ ಸಂಸ್ಥೆಯದ್ದಿರಬಹುದು. ಕಳಿಸುವ ಮೇಜು ಒಂದೇ, ಹಾಗಾಗಿ ಯಾವ ಗಾಡಿ ಎಲ್ಲಿದೆ ಎಂದು ಒಂದೇ ಪರದೆಯಲ್ಲಿ ಕಾಣುತ್ತದೆ. ಬರ್ಲಿನ್‌ನಲ್ಲಿ ಫೈರ್ ಇಲಾಖೆಯೇ ಆಂಬುಲೆನ್ಸನ್ನೂ ನಡೆಸುತ್ತದೆ. ಆಂಬುಲೆನ್ಸ್‌ಗಳೆಲ್ಲ ಖಾಲಿಯಾದ ದಿನ ತುರ್ತು ಸ್ಥಿತಿ ಘೋಷಿಸಿ, ಇಂಜಿನ್ ಸಿಬ್ಬಂದಿಯನ್ನು ಆಂಬುಲೆನ್ಸಿಗೆ ಹತ್ತಿಸುತ್ತಾರೆ. ಆ ಹೊತ್ತಿಗೆ ಬೆಂಕಿ ಬಿದ್ದರೆ ಎನ್ನುವ ಆತಂಕ ಅಲ್ಲಿ ಮಾಮೂಲಿ.

ಫ್ರಾನ್ಸ್ ಅರ್ಧ ದಾರಿಯಲ್ಲಿದೆ. ವೈದ್ಯರ ನೇತೃತ್ವದ ಸಾಮು ಸೇವೆಗೆ 15, ಫೈರ್‌ನವರಿಗೆ 18. ಫೈರ್‌ನವರ ಹೊರಡುವಿಕೆಯಲ್ಲಿ ಬೆಂಕಿ ಬಹಳ ಕಡಿಮೆ, ಹೆಚ್ಚಿನದು ಜನರಿಗೆ ಪ್ರಥಮ ಚಿಕಿತ್ಸೆ ಮತ್ತು ಸಾಗಾಟ. 15ರಲ್ಲಿ ಕೂತ ಡಾಕ್ಟರ್ ಫೋನಿನಲ್ಲೇ ರೋಗಿಯ ಸ್ಥಿತಿ ಕೇಳಿ ಯಾರನ್ನು ಕಳಿಸಬೇಕು ಎಂದು ತೀರ್ಮಾನಿಸುತ್ತಾರೆ. ಕೆಂಪು ಗಾಡಿಯವರಿಗೂ ಬಿಳಿ ಗಾಡಿಯವರಿಗೂ ಹಳೆಯ ಮುನಿಸು ಇದೆ. ಅದನ್ನು ಇಳಿಸಲು ಕೆಲವು ಜಿಲ್ಲೆಗಳಲ್ಲಿ 15 ಮತ್ತು 18 ಎರಡನ್ನೂ ಒಂದೇ ಹಾಲ್‌ನಲ್ಲಿ ಕೂರಿಸಿದ್ದಾರೆ. ಪಕ್ಕದ ಕುರ್ಚಿಯವರನ್ನು ಕೂಗಿ ಕೇಳುವುದಕ್ಕಿಂತ ಒಳ್ಳೆಯ ಸಾಫ್ಟ್‌ವೇರ್ ಇನ್ನೂ ಬಂದಿಲ್ಲ.

ನಮ್ಮ ಕಡೆಗೆ ಯಾವುದು?

ಕರ್ನಾಟಕದಲ್ಲಿ ಅಗ್ನಿಶಾಮಕ ಸೇವೆ ಗೃಹ ಇಲಾಖೆಯ ಕೆಳಗೆ, 108 ಆಂಬುಲೆನ್ಸ್ ಆರೋಗ್ಯ ಇಲಾಖೆಯ ಕೆಳಗೆ. 108 ಮೊದಲು ಶುರುವಾದದ್ದು 2005ರಲ್ಲಿ ಹೈದರಾಬಾದಿನಲ್ಲಿ. ನಮ್ಮಲ್ಲಿ ಆರೋಗ್ಯ ಕವಚ ಎಂಬ ಹೆಸರಿನಲ್ಲಿ 2008ರ ನವೆಂಬರ್ 1ಕ್ಕೆ ಬಂತು. ಗಾಡಿಯಲ್ಲಿ ಇಬ್ಬರು: ಓಡಿಸುವ ಪೈಲಟ್, ಹಿಂದೆ ರೋಗಿ ನೋಡುವ ಇಎಂಟಿ. ಗಾಡಿ ನಿಲ್ಲುವುದು ತಾಲೂಕು ಆಸ್ಪತ್ರೆ, ಆರೋಗ್ಯ ಕೇಂದ್ರ, ಪೊಲೀಸ್ ಠಾಣೆ ಇಂಥ ಕಡೆ. 2015ರಲ್ಲಿ ಬೈಕ್ ಆಂಬುಲೆನ್ಸ್ ಕೂಡ ಬಂತು. ಇದರ ನಡುವೆ ಪೊಲೀಸರ 112 ಬಂದಿದೆ, ಫೈರ್‌ನವರ 101 ಕೂಡ ಜನರ ಬಾಯಲ್ಲಿ ಇನ್ನೂ ಇದೆ.

ಫೈರ್ ಇಲಾಖೆಯೇ ಆಂಬುಲೆನ್ಸ್ ಓಡಿಸುವುದು ಭಾರತಕ್ಕೆ ಹೊಸದಲ್ಲ. ಕೇರಳದ ಹಲವು ಫೈರ್ ಸ್ಟೇಷನ್ನುಗಳಲ್ಲಿ ಇಲಾಖೆಯದ್ದೇ ಆಂಬುಲೆನ್ಸ್ ಇದೆ. ಅಹಮದಾಬಾದಿನಲ್ಲಿ ಪಾಲಿಕೆಯ ಫೈರ್ ಇಲಾಖೆ ಆಂಬುಲೆನ್ಸ್ ಜೊತೆ ಶವವಾಹನವನ್ನೂ ನಡೆಸುತ್ತದೆ. ಸಂವಿಧಾನದ 12ನೇ ಅನುಸೂಚಿಯೂ ಅಗ್ನಿಶಾಮಕ ಸೇವೆಯನ್ನು ನಗರಾಡಳಿತದ ಕೆಲಸಗಳ ಪಟ್ಟಿಯಲ್ಲಿ ಇಟ್ಟಿದೆ.

ಈಗ ಹೆದ್ದಾರಿಯಲ್ಲಿ ಲಾರಿಗೆ ಲಾರಿ ಗುದ್ದಿ, ಕ್ಯಾಬಿನ್ನಿನಲ್ಲಿ ಡ್ರೈವರಣ್ಣನ ಕಾಲು ಸಿಕ್ಕಿಕೊಂಡಿದೆ ಅಂದುಕೊಳ್ಳಿ. ದಾರಿಯಲ್ಲಿದ್ದವರು 108ಕ್ಕೆ ಫೋನ್ ಮಾಡುತ್ತಾರೆ. ಗಾಡಿ ಬರುತ್ತದೆ. ಇಎಂಟಿ ಕಿಟಕಿಯಿಂದ ಕೈ ಹಾಕಿ ಡ್ರಿಪ್ ಹಾಕಬಹುದು, ಆಕ್ಸಿಜನ್ ಕೊಡಬಹುದು. ಡ್ಯಾಶ್‌ಬೋರ್ಡ್ ಎತ್ತಲು ಆಗುವುದಿಲ್ಲ. ಜನ ಹಗ್ಗ ಕಟ್ಟಿ ಇನ್ನೊಂದು ಲಾರಿಯಿಂದ ಎಳೆಯೋಣ ಅನ್ನುತ್ತಾರೆ. ಆಗ ಯಾರೋ 101 ನೆನಪು ಮಾಡಿಕೊಳ್ಳುತ್ತಾರೆ. ತಗಡು ಕತ್ತರಿಸುವ ಕಟರ್, ಅದನ್ನು ಅಗಲಿಸುವ ಸ್ಪ್ರೆಡರ್ ಇರುವ ಫೈರ್ ಗಾಡಿ ಹೊರಡುವುದು ಆವಾಗ. ಮೊದಲ ಕರೆಯಲ್ಲೇ ‘ಒಳಗೆ ಸಿಕ್ಕಿಕೊಂಡಿದ್ದಾರಾ?’ ಎಂಬ ಒಂದು ಪ್ರಶ್ನೆ ಕೇಳಿ, ಹೌದು ಅಂದ ಕ್ಷಣ ಎರಡೂ ಗಾಡಿ ಒಟ್ಟಿಗೆ ಕಳಿಸಿದ್ದರೆ ಆ ಹೊತ್ತೆಲ್ಲ ಉಳಿಯುತ್ತಿತ್ತು. ಇದಕ್ಕೆ ಹೊಸ ಠಾಣೆ ಬೇಡ. ಕರೆ ತೆಗೆಯುವವರ ಮುಂದಿನ ಪ್ರಶ್ನಾವಳಿಯಲ್ಲಿ ಒಂದು ಸಾಲು, ಎರಡು ಕಂಟ್ರೋಲ್ ರೂಮ್‌ಗಳ ನಡುವೆ ನೇರ ಲೈನು ಸಾಕು.

ಆದ್ದರಿಂದ ನಮ್ಮ ತಾಲೂಕು ಮಟ್ಟಕ್ಕೆ ನನ್ನ ಆಯ್ಕೆ ನಾಲ್ಕನೆಯ ಪದ್ಧತಿ. ಜೊತೆಗೆ ಮೂರನೆಯದರಿಂದ ಆ ಸಣ್ಣ ಏರ್ಪಾಟು, ಮೊದಲನೆಯದರಿಂದ ತರಬೇತಿಯ ಒಂದು ತುಣುಕು. ಬಿಡಿಸಿ ಹೇಳಬೇಕೆಂದರೆ, ಕರೆ ಒಂದಾಗಲಿ. ಪ್ರತಿ ಫೈರ್ ಗಾಡಿಯಲ್ಲಿ ಎಇಡಿ, ರಕ್ತ ನಿಲ್ಲಿಸುವ ಪಟ್ಟಿ, ಅದನ್ನು ಬಳಸಬಲ್ಲ ಕೈ ಇರಲಿ. ಹೆದ್ದಾರಿ ಪಕ್ಕದ ಫೈರ್ ಸ್ಟೇಷನ್ನುಗಳಲ್ಲಿ 108ಕ್ಕೆ ನಿಲ್ಲುವ ಜಾಗ ಕೊಡಲಿ. ಇಲಾಖೆ ವಿಲೀನ ಬೇಡ. ಎರಡು ಇಲಾಖೆಯ ನಡುವಿನ ಕಡತ ಓಡಾಡುವಷ್ಟರಲ್ಲಿ ಒಂದು ತಲೆಮಾರಿನ ಸಿಬ್ಬಂದಿ ನಿವೃತ್ತರಾಗುತ್ತಾರೆ.

ಬೆಂಗಳೂರಿನ ಮಾತು ಸ್ವಲ್ಪ ಬೇರೆ. ಅಲ್ಲಿ ಎತ್ತರದ ಕಟ್ಟಡ ಜಾಸ್ತಿ, ಟ್ರಾಫಿಕ್ ಜಾಸ್ತಿ. 2010ರ ಫೆಬ್ರವರಿ 23ರಂದು ಕಾರ್ಲ್‌ಟನ್ ಟವರ್ಸ್ ಬೆಂಕಿಯಲ್ಲಿ 9 ಜನ ತೀರಿಕೊಂಡರು. ಇಂಥ ಕಡೆ ಹೊಗೆ ಕುಡಿದವರನ್ನು ಇಳಿಸಿದ ಕೂಡಲೇ ನೋಡಿಕೊಳ್ಳಲು ಆಂಬುಲೆನ್ಸ್ ಗೇಟಿನಲ್ಲೇ ಇರಬೇಕು. ಆದ್ದರಿಂದ ಬೆಂಗಳೂರಿನಲ್ಲಿ ದೊಡ್ಡ ಫೈರ್ ಕರೆ ಬಂದರೆ ಆಂಬುಲೆನ್ಸ್ ತಾನಾಗಿಯೇ ಹೊರಡಬೇಕು, ಯಾರೂ ಕೇಳುವ ತನಕ ಕಾಯಬಾರದು. ಹಾಗೆಯೇ ಎದೆನೋವಿನ ಕರೆಗೆ ಸಾವಿರಾರು ಲೀಟರ್ ನೀರು ಹೊತ್ತ ಜಲವಾಹನ ಗಲ್ಲಿಗೆ ನುಗ್ಗಿಸುವುದೂ ದಡ್ಡತನ. ಬೈಕೋ ಜೀಪೋ ಸಾಕು.

ಕಟ್ಟಡ ಹಂಚಿಕೊಳ್ಳುವುದೇ ಆದರೆ

ಜಾಗ ಇದೆ, ಮನಸ್ಸೂ ಇದೆ ಅಂದರೆ ಕೆಲವು ಸಂಗತಿ ಮೊದಲೇ ನೋಡಿಕೊಳ್ಳಿ. ಆಂಬುಲೆನ್ಸ್ ದಿನಕ್ಕೆ ಹತ್ತಾರು ಸಲ ಹೋಗಿ ಬರುತ್ತದೆ, ಹಾಗಾಗಿ ಅದರ ಬಾಗಿಲು ಇಂಜಿನ್ ಬಾಗಿಲಿಗೆ ಅಡ್ಡ ಬರಬಾರದು. ಇಬ್ಬರಿಗೂ ಒಂದೇ ಕರೆಗಂಟೆ ಇಡಬೇಡಿ. ಇಟ್ಟರೆ ಆಂಬುಲೆನ್ಸಿನ ಪ್ರತಿ ಕರೆಗೂ ಇಂಜಿನ್‌ನವರು ಎದ್ದು ಕೂರುತ್ತಾರೆ, ನಾಲ್ಕು ರಾತ್ರಿ ಕಳೆದರೆ ಇಬ್ಬರಿಗೂ ಮಾತಿಲ್ಲ.

ಹೊಗೆಯ ಬಟ್ಟೆ ಬಗ್ಗೆ ವಿಶೇಷ ಗಮನ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಬೆಂಕಿ ಆರಿಸುವ ಕೆಲಸವನ್ನೇ ಕ್ಯಾನ್ಸರ್ ತರುವ ಕೆಲಸಗಳ ಮೊದಲ ಗುಂಪಿಗೆ ಸೇರಿಸಿತು. ಡೀಸೆಲ್ ಹೊಗೆ 2012ರಲ್ಲೇ ಆ ಗುಂಪಿಗೆ ಸೇರಿತ್ತು. ಬೆಂಕಿಯಿಂದ ಬಂದ ಕೋಟು, ಬೂಟು, ಹೆಲ್ಮೆಟ್ ಕಳಚಿ ತೊಳೆಯುವ ಜಾಗ ಒಂದು ತುದಿಯಲ್ಲಿರಲಿ. ಆಂಬುಲೆನ್ಸಿನ ಬ್ಯಾಂಡೇಜು, ಮಾಸ್ಕ್, ಔಷಧಿಯ ಕಪಾಟು ಇನ್ನೊಂದು ತುದಿಯಲ್ಲಿರಲಿ. ಮಲಗುವ, ಉಣ್ಣುವ ಕೋಣೆ ಗ್ಯಾರೇಜಿಗೆ ಅಂಟಿಕೊಂಡಿರುವುದು ಬೇಡ. ನೋವು ನಿವಾರಕ ಮಾದಕ ಔಷಧಿಗಳಿಗೆ ಬೀಗ ಮತ್ತು ಲೆಕ್ಕದ ಪುಸ್ತಕ ಬೇಕು. ತಣ್ಣಗೆ ಇಡಬೇಕಾದ ಔಷಧಿಗೆ ಫ್ರಿಜ್ ಬೇಕು, ಅದರಲ್ಲಿ ಮಧ್ಯಾಹ್ನದ ಮೊಸರನ್ನದ ಡಬ್ಬಿ ಇರಬಾರದು. ರಕ್ತದ ಹತ್ತಿ, ಸೂಜಿ ಹಾಕುವ ಬಣ್ಣದ ಚೀಲಗಳನ್ನು ಯಾರು, ಯಾವ ದಿನ ಒಯ್ಯುತ್ತಾರೆ ಎಂದು ಮೊದಲೇ ಗೊತ್ತಾಗಬೇಕು. ಆಂಬುಲೆನ್ಸ್ ಸಿಬ್ಬಂದಿಯಲ್ಲಿ ಹೆಣ್ಣುಮಕ್ಕಳೂ ಇರುತ್ತಾರೆ. ಅವರಿಗೆ ಬೇರೆ ವಿಶ್ರಾಂತಿ ಕೋಣೆ, ಟಾಯ್ಲೆಟ್ ಇಲ್ಲದ ಕಡೆ ಹಂಚಿಕೆಯ ಮಾತೇ ಎತ್ತಬಾರದು.

ಇನ್ನು ಕಾಗದದ ಕೆಲಸ. ಕರೆಂಟ್ ಬಿಲ್, ನೀರಿನ ಬಿಲ್, ಜನರೇಟರ್ ಡೀಸೆಲ್ ಯಾರದ್ದು ಎಂದು ಬರೆದಿಡಿ. 108 ನಡೆಸುವವರು ಬದಲಾದರೆ ಆ ಒಪ್ಪಂದ ಹೊಸಬರಿಗೂ ಅನ್ವಯಿಸುತ್ತದೆ ಎಂಬ ಸಾಲು ಇರಲಿ. ಅಪಘಾತದ ಜಾಗದಲ್ಲಿ ಯಾರ ಮಾತು ನಡೆಯಬೇಕು ಎಂಬುದನ್ನೂ ಬರೆಯಿರಿ. ಕತ್ತರಿಸುವುದು, ಬೆಂಕಿ, ಗ್ಯಾಸ್ ಸೋರಿಕೆ, ಜನರನ್ನು ದೂರ ನಿಲ್ಲಿಸುವುದು ಫೈರ್‌ನವರ ತೀರ್ಮಾನ. ಗಾಯಾಳುವನ್ನು ಯಾವಾಗ ಅಲುಗಿಸಬೇಕು, ಯಾವ ಆಸ್ಪತ್ರೆಗೆ ಒಯ್ಯಬೇಕು ಎನ್ನುವುದು ಇಎಂಟಿ ತೀರ್ಮಾನ.

ಕಟ್ಟಡಕ್ಕೆ ಬಣ್ಣ ಬಳಿಯುವ ಮೊದಲೇ ಒಂದು ಅಣಕು ಕಾರ್ಯಾಚರಣೆ ಮಾಡಿ ನೋಡಬಹುದು. ಗುಜರಿಯಿಂದ ಒಂದು ಹಳೇ ಕಾರು ತಂದು, ಒಳಗೆ ಒಬ್ಬ ಹೋಮ್‌ಗಾರ್ಡ್ ಕೂರಿಸಿ, 112ಕ್ಕೆ ಮೊದಲೇ ತಿಳಿಸಿಟ್ಟು ನಿಜವಾದ ಕರೆಯಂತೆಯೇ ಮಾಡಿಸಿ. ಎರಡೂ ಗಾಡಿ ಎಷ್ಟು ನಿಮಿಷದ ಅಂತರದಲ್ಲಿ ಬಂದವು ಎಂದು ಬರೆದುಕೊಳ್ಳಿ. ತಾಲೂಕು ಆಸ್ಪತ್ರೆಯ ಕ್ಯಾಶುಯಲ್ಟಿಯವರನ್ನೂ ಕರೆಯಿರಿ, ಗಾಯಾಳುವನ್ನು ಕೊನೆಗೆ ಇಳಿಸಿಕೊಳ್ಳಬೇಕಾದವರು ಅವರು.